ಇನ್ನೊಂದ್ಸಲ ಡೈಲ್ಯೂಟ್ ಮಾಡು

ಎಂಡಿ ಮೊದಲ ವರ್ಷ, ಕಲಬುರಗಿಯ ಏಪ್ರಿಲ್. ಮೈಕ್ರೋಬಯಾಲಜಿ ಲ್ಯಾಬಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿತ್ತು. ನನ್ನ ಪಾಲಿಗೆ ವಿಡಿಆರ್‌ಎಲ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಪತ್ತೆಯ ಪರೀಕ್ಷೆ. ಸೀರಂಗೆ, ಅಂದರೆ ರಕ್ತದ ತಿಳಿಗೆ, ಒಂದು ಹನಿ ಆಂಟಿಜನ್ ಹಾಕಿ, ರೋಟೇಟರ್ ಮೇಲೆ 4 ನಿಮಿಷ ತಿರುಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕಣಗಳು ಗುಂಪುಗೂಡಿದರೆ ರಿಯಾಕ್ಟಿವ್. ಒಂದು ಸ್ಲೈಡು ಸ್ವಲ್ಪ ಒರಟೊರಟಾಗಿ ಕಂಡಿತು, ಗುಂಪಂತೂ ಇರಲಿಲ್ಲ. ಹೊಟ್ಟೆ ಬೇರೆ ಹಸಿದಿತ್ತು. ನಾನ್-ರಿಯಾಕ್ಟಿವ್ ಅಂತ ಬರೆದುಬಿಟ್ಟೆ.

ಮೇಡಂ ರಿಜಿಸ್ಟರ್ ನೋಡಿದರು. "ಇದೇನಪ್ಪಾ? ನಾ ಈಗ ಸ್ಕಿನ್ ಓಪಿಡಿಯಾಗ ಅವನ ಅಂಗೈ ನೋಡಿ ಬಂದೀನಿ. ಅಂಗಾಲಿನ ತನಕ ಸಿಫಿಲಿಸ್ ಕಲೆ ಅವ. ನಾನ್-ರಿಯಾಕ್ಟಿವ್ ಹ್ಯಾಂಗ ಆಗ್ತದ?"

ಸಲೈನ್ ತರಿಸಿ ಸೀರಂ ತೆಳು ಮಾಡಿಸಿದರು. 1:2, 1:4, 1:8. ಏನಿಲ್ಲ. 1:16ರಲ್ಲಿ ಹಾಲು ಒಡೆದ ಹಾಗೆ ಗುಂಪು ಗುಂಪು!

ಇದಕ್ಕೆ ಪ್ರೋಝೋನ್ ಅಂತಾರೆ. ಮೇಡಂ ಬಿಡಿಸಿ ಹೇಳಿದ್ದು ಹೀಗೆ: "ಅಪ್ಪನ ಜಾತ್ರ್ಯಾಗ ಒಬ್ಬ ದೊಡ್ಡಾಂವ ಎರಡು ಕೈಲಿ ಇಬ್ಬರು ಹುಡುಗರನ್ನ ಹಿಡಿದ್ರ ಸರಪಳಿ ಆಗ್ತದ. ದೊಡ್ಡವರೇ ಜಾಸ್ತಿ ಆದ್ರ? ಹುಡುಗರ ಕೈ ಎಲ್ಲ ಭರ್ತಿ, ದೊಡ್ಡವರ ಇನ್ನೊಂದು ಕೈ ಖಾಲಿ. ಸರಪಳಿನೇ ಇಲ್ಲ." ದೊಡ್ಡವರು ಅಂದರೆ ರೋಗ ಬಂದಾಗ ಮೈಯಲ್ಲಿ ಹುಟ್ಟುವ ಆಂಟಿಬಾಡಿಗಳು, ಹುಡುಗರು ಅಂದರೆ ನಾವು ಹಾಕಿದ ಆಂಟಿಜನ್ ಕಣಗಳು. ಕಾಯಿಲೆ ಜೋರಾಗಿದ್ದಾಗಲೇ ಪರೀಕ್ಷೆ ಸುಮ್ಮನಾಗುವುದು ಹೀಗೆ.

ಮೇಡಂ ಪ್ರಕಟಿಸಿದ್ದ ಪೇಪರುಗಳನ್ನು ನಾನು ಅದಕ್ಕೂ ಮೊದಲೇ ಲೈಬ್ರರಿಯಲ್ಲಿ ಓದಿದ್ದೆ. ಓದಿದ್ದೆ ಅಂದರೆ, ಮೇಲಿನ ಸಾರಾಂಶ ಮಾತ್ರ. ಟೇಬಲ್‌ಗಳಲ್ಲಿ ಸಾಲಾಗಿ ನಿಂತಿದ್ದ 1:16, 1:32ಗಳನ್ನು ಹಾರಿಸಿದ್ದೆ. ಆ ಸಂಜೆ ಮತ್ತೆ ಹೋಗಿ ಟೇಬಲ್‌ಗಳನ್ನಷ್ಟೇ ಓದಿದೆ.

ರೋಗಿಗೆ ಅವತ್ತೇ ಬೆಂಜಥೀನ್ ಪೆನಿಸಿಲಿನ್ ಕೊಟ್ಟರು, 24 ಲಕ್ಷ ಯೂನಿಟ್. ಹೆಂಡತಿಯನ್ನೂ ಕರೆಸಿದರು.

ಬೈಗುಳ ಮಾತ್ರ ಬಾಕಿ ಇತ್ತು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ಸ್ಯಾಂಪಲ್‌ಗಳಿಂದಲೇ ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು. ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ. ಅಲ್ಲಿಗೆ ಒಯ್ಯುವ ತನಕ ಸೀರಂ ಇದ್ದದ್ದು ನಿರ್ಮಲಾರ ಮನೆಯ ಫ್ರಿಡ್ಜ್‌ನಲ್ಲಿ. "ಆಕಿ ಮನಿ ಫ್ರಿಡ್ಜ್‌ನ್ಯಾಗ ಇಟ್ಟು ಕಾಯ್ದಾಳ," ಅಂದರು ಮೇಡಂ, "ನಿನಗ ಊಟ ಬಿಟ್ಟು ನಾಲ್ಕು ಹನಿ ಸಲೈನ್ ಹಾಕ್ಲಿಕ್ಕೆ ಬ್ಯಾಸರ."

ಈಗ ನನ್ನದೇ ಲ್ಯಾಬಿದೆ. "ಸರ್, ಮತ್ತೆ ಡೈಲ್ಯೂಟಾ?" ಅಂತ ಹುಡುಗರು ಮುಖ ಸಿಂಡರಿಸುತ್ತಾರೆ. ಆ ಫ್ರಿಡ್ಜಿನ ಕಥೆ ಅವರಿಗೆಲ್ಲ ಬಾಯಿಪಾಠ ಆಗಿಹೋಗಿದೆ.