ಎರಡು ಮೀಟರ್ ಎಲ್ಲಿ ಹೋಯ್ತು ಸರ್?

ನಾನು ಸಣ್ಣ ಊರೊಂದರ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಲ್ಯಾಬಿನಲ್ಲಿ 12 ಕಂಪ್ಯೂಟರ್, ಒಂದೊಂದಕ್ಕೆ ಇಬ್ಬರು ಮೂವರು ಮಕ್ಕಳು. ಎರಡು ವರ್ಷದ ಹಿಂದೆ ಏಳನೇ ತರಗತಿಗೆ ಮೈನ್‌ಕ್ರಾಫ್ಟ್ ಹಾಕಿಕೊಟ್ಟೆ. ಬ್ಲಾಕ್ ಮೇಲೆ ಬ್ಲಾಕ್ ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ ಅದು. ನಾನು ಹಾಕಿದ್ದು ಶಾಲೆಗಳಿಗೆಂದೇ 2016ರಲ್ಲಿ ಬಂದ ಎಜುಕೇಶನ್ ಆವೃತ್ತಿ. ‘ಆಟ ಆಡಿಸೋಕೆ ಫೀಸ್ ಕೊಡ್ತಿದ್ದೀವಾ’ ಅಂತ ಒಬ್ಬರು ಅಪ್ಪ ಕೇಳಿದರು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಅವರ ಬಾಯಿ ಮುಚ್ಚಿಸೋಕೋ ಏನೋ, ಮೊದಲ ಮೂರು ವಾರ ಆಟವನ್ನೇ ಪಾಠ ಮಾಡಿಬಿಟ್ಟೆ. ಐದು ಬ್ಲಾಕ್ ಅಗಲದ ಗೋಡೆ, ಎರಡು ಬ್ಲಾಕ್ ಎತ್ತರದ ಬಾಗಿಲು, ಒಂದು ಕಿಟಕಿ, ಹತ್ತು ಅಂಕ. ಕೊನೆಗೆ ಸಿಕ್ಕಿದ್ದು 12 ಒಂದೇ ಥರದ ಮನೆ, ಆಶ್ರಯ ಮನೆಗಳ ಸಾಲಿನ ಹಾಗೆ. ಮಕ್ಕಳು ಆಕಳಿಸುತ್ತಿದ್ದರು. ಆಟದಲ್ಲೂ ಮಕ್ಕಳಿಗೆ ಬೇಸರ ತರಿಸಿದ ಮೇಷ್ಟ್ರು ಬಹುಶಃ ನಾನೊಬ್ಬನೇ.

ನಾಲ್ಕನೇ ವಾರ ನನಗೆ ಸ್ಯಾಟ್ಸ್ ಎಂಟ್ರಿ, ಅಂದರೆ ಮಕ್ಕಳ ವಿವರವನ್ನೆಲ್ಲ ಇಲಾಖೆಯ ವೆಬ್‌ಸೈಟಿಗೆ ತುಂಬುವ ಕೆಲಸ ತಲೆ ಮೇಲೆ ಬಿತ್ತು. ‘ನಮ್ಮ ಶಾಲೆ ಕಟ್ಟಿ, ಹೇಗಾದ್ರೂ ಕಟ್ಟಿ’ ಅಂತ ಹೇಳಿ ಮೂಲೆಯಲ್ಲಿ ಕೂತೆ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಸುಮ್ನೆ ಪುರುಸೊತ್ತಿರಲಿಲ್ಲ.

ಆಟದಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಮಕ್ಕಳು ಪಿಟಿ ಮೇಷ್ಟ್ರ ಟೇಪು ಇಸ್ಕೊಂಡು ಹೋಗಿ ಅಳೆದು ಬಂದರು. ಸಾಲಾಗಿ ಐದು ಕೋಣೆ, ಒಂದೊಂದೂ ಗೋಡೆ ಸೇರಿ 6.4 ಮೀಟರ್. ಅರ್ಧ ಬ್ಲಾಕ್ ಕೂಡ ಆಗಲಿಲ್ಲವಲ್ಲ, 6 ಅಂತ ಇಟ್ಟುಕೊಂಡು ಕಟ್ಟಿದರು. ಮುಂದಿನ ಜಗುಲಿಯನ್ನು ಬೇರೆ ಗುಂಪು ಕಟ್ಟಿತ್ತು, ಅವರು ಉದ್ದಕ್ಕೂ ಒಂದೇ ಸಲ ಟೇಪು ಹಿಡಿದು 32 ಮೀಟರ್ ಬರೆದುಕೊಂಡಿದ್ದರು. ಎರಡನ್ನೂ ಸೇರಿಸಿದಾಗ ಕೋಣೆಗಳು 30ಕ್ಕೇ ಮುಗಿದವು. ಜಗುಲಿ ಮಾತ್ರ ಬಯಲಿಗೆ ಚಾಚಿ ನಿಂತಿದೆ.

‘ಸರ್, ಎರಡು ಮೀಟರ್ ಎಲ್ಲಿ ಹೋಯ್ತು?’

ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು, ಆದರೆ ಎಂಟ್ರಿ ಅರ್ಧಕ್ಕೆ ನಿಂತಿತ್ತು, ‘ನೀವೇ ಹುಡುಕಿ’ ಅಂದೆ. ನೀನು ತಪ್ಪು ಅಳೆದೆ, ಇಲ್ಲ ನೀನು, ಅಂತ ಜಗಳ. ಮತ್ತೆ ಟೇಪು ಹಿಡಿದು ಓಡಿದರು. ಅಳತೆ ಎರಡೂ ಸರಿ! ಕೊನೆಗೆ ಒಬ್ಬಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 0.4 ಅನ್ನು ಐದು ಸಲ ಕೂಡಿದಳು. ಪ್ರತಿ ಕೋಣೆಯಲ್ಲೂ ‘ಇರಲಿ ಬಿಡು’ ಅಂತ ಬಿಟ್ಟಿದ್ದು ಸೇರಿ ಎರಡು ಮೀಟರ್ ಆಗಿತ್ತು. ಅಂದಾಜು ಲೆಕ್ಕದ ಪಾಠ ಅವರಿಗೆ ಆಗಲೇ ಮುಗಿದಿತ್ತು, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಆದರೆ ತಾವು ಕಟ್ಟಿದ ಗೋಡೆ ಕಣ್ಣೆದುರೇ ಕಮ್ಮಿ ಬೀಳೋದು ಬೇರೆ ಅಲ್ವಾ.

ಪರಿಹಾರ ಅವರದೇ. ಎರಡು ಕೋಣೆಗೆ 7, ಮೂರು ಕೋಣೆಗೆ 6, ಒಟ್ಟು 32. ಹಾಗಾದರೆ ಆ 7 ಯಾರಿಗೆ? ಇನ್ನೊಂದು ಜಗಳ. ಮಕ್ಕಳು ಜಾಸ್ತಿ ಇರುವ ತರಗತಿಗೆ ಅಂತ ತೀರ್ಮಾನವಾಯಿತು. ಅವುಗಳಲ್ಲಿ ಒಂದು ಏಳನೇ ತರಗತಿಯೇ ಅನ್ನೋದು ಕಾಕತಾಳೀಯ ಅಂತ ನಾನು ನಂಬಲ್ಲ. ಗೋಡೆ ಒಂದು ಮೀಟರ್ ದಪ್ಪ ಬಂದಿದ್ದಕ್ಕೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ‘ಚಿತ್ರದುರ್ಗದ ಕೋಟೆ ಸರ್’ ಅಂದರು.

ಆಮೇಲೆ ಗಂಟೆಯ ಹುಚ್ಚು. ಆಫೀಸ್ ರೂಮಿನಲ್ಲಿ ಬಟನ್ ಒತ್ತಿದರೆ ಜಗುಲಿಯ ಆ ತುದಿಯಲ್ಲಿ ಗಂಟೆ ಹೊಡೆಯಬೇಕು. ಆಟದಲ್ಲಿ ರೆಡ್‌ಸ್ಟೋನ್ ಅಂತ ಒಂದು ಪುಡಿ ಇದೆ, ವೈರಿನ ಥರ ಸಾಲಾಗಿ ಹಾಕಬೇಕು. ಹಾಕಿದರು, ಗಂಟೆ ಹೊಡೀಲಿಲ್ಲ. ಆ ಸಿಗ್ನಲ್ 15 ಬ್ಲಾಕ್ ದಾಟಿದರೆ ಸಾಯುತ್ತದೆ. ಪುಡಿಯ ಬೆಳಕು ದೂರ ಹೋದಂತೆ ಮಂಕಾಗುವುದನ್ನು ನೋಡಿದ ಹುಡುಗನೊಬ್ಬ, ಅವರ ಮನೆಯದು ಲೈನಿನ ಕೊನೆಯ ಪಂಪ್‌ಸೆಟ್, ‘ನಮ್ಮ ತೋಟಕ್ಕೂ ವೋಲ್ಟೇಜ್ ಹಿಂಗೇ ಬರೋದು, ನಡುವೆ ಒಂದು ಟಿಸಿ ಹಾಕ್ಬೇಕು’ ಅಂದ. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಸಿಗ್ನಲ್ಲನ್ನು ಮತ್ತೆ ಪೂರ್ತಿ ಬಲಕ್ಕೆ ತರೋ ರಿಪೀಟರ್ ಅನ್ನೋ ಬ್ಲಾಕ್ ಆಟದಲ್ಲಿದೆ. ಅದರ ಹೆಸರು ಅವನಿಗೆ ಗೊತ್ತಿರಲಿಲ್ಲ. ಬೇಕಾಗಿದ್ದು ಏನು ಅಂತ ಗೊತ್ತಿತ್ತು. ನಮ್ಮ ಲ್ಯಾಬಿನಲ್ಲಿ ಇವತ್ತಿಗೂ ಅದಕ್ಕೆ ಟಿಸಿ ಅಂತಲೇ ಹೆಸರು.

ಎಲ್ಲರಿಗೂ ಹೀಗಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ತಿಂಗಳುಗಟ್ಟಲೆ ಸುಮ್ನೆ ಹಾರಾಡಿಕೊಂಡಿದ್ದರು. ಗಣಿತದ ಅಂಕ ಜಾಸ್ತಿ ಆಯ್ತಾ ಅಂತ ಹೆಡ್‌ಮಾಸ್ಟರ್ ಕೇಳಿದಾಗ ‘ಇಲ್ಲ ಸರ್’ ಅಂದೆ. ಮನೆಯಲ್ಲಿ ರಾತ್ರಿ ಹತ್ತರವರೆಗೆ ಮೊಬೈಲಿನಲ್ಲಿ ಒಬ್ಬರೇ ಕೂತು ಆಡಿದರೆ ಇದೇ ಲಾಭ ಸಿಗುತ್ತದೆ ಅಂತಲೂ ನನಗೆ ಅನ್ನಿಸಲ್ಲ, ಯಾಕೆಂದರೆ ಅಲ್ಲಿ ಟೇಪೂ ಇಲ್ಲ, ಜಗಳ ಆಡೋಕೆ ಜೊತೆಯವರೂ ಇಲ್ಲ. ಈಗ ನಾನು ವರ್ಕ್‌ಶೀಟ್ ಕೊಡುವುದಿಲ್ಲ. ಮಕ್ಕಳು ‘ಸರ್’ ಅಂದ ಕೂಡಲೇ ಏಳೋದಿಲ್ಲ, ಇದು ಕಷ್ಟ, ಕುರ್ಚಿ ಹಿಡಿದುಕೊಂಡು ಕೂರಬೇಕು.

ಆ ಶಾಲೆ ಈಗಲೂ ಮೂರನೇ ಕಂಪ್ಯೂಟರಿನಲ್ಲಿ ಹಾಗೇ ಇದೆ. ಈ ವರ್ಷ ಆರನೇ ತರಗತಿಯವರು ಯಾವಾಗಲೋ ಒಳಗೆ ಹೋಗಿ ತಮ್ಮ ಕೋಣೆಯ ಬಾಗಿಲಿಗೆ ಬೋರ್ಡು ನೇತುಹಾಕಿದ್ದಾರೆ: ‘ನಮಗೂ 7 ಬೇಕು.’