ಕರೆಂಟ್ ಹೋದಾಗ ಚಾರ್ಜ್ ಹುಡುಕಿದ್ದು

ಮೊನ್ನೆ ಭಾನುವಾರ ಸಂಜೆ ಮಳೆ ಶುರುವಾಗಿ ಹತ್ತು ನಿಮಿಷ ಆಗಿಲ್ಲ, ಕರೆಂಟ್ ಹೋಯಿತು. ಏಳನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಹೋಮ್‌ವರ್ಕ್ ನೆನಪಾಗಿದ್ದೂ ಆಗಲೇ. ಎರಡು ನಾಮಪದ ಕೊಟ್ಟಿದ್ದರು, ಒಂದೊಂದಕ್ಕೂ ಎಷ್ಟು ಅರ್ಥ ಇದೆಯೋ ಅಷ್ಟು ವಾಕ್ಯ ಬರೀಬೇಕು. ಪದಗಳು ಯಾವುವು ಗೊತ್ತಾ? ಕರೆಂಟ್, ಚಾರ್ಜ್! ನನ್ನ ಫೋನಿನಲ್ಲಿ 4 ಪರ್ಸೆಂಟ್ ಉಳಿದಿತ್ತು, ಡಿಕ್ಷನರಿ ನೋಡೋ ಹಾಗೂ ಇಲ್ಲ. ಮೇಣದಬತ್ತಿ ಹಚ್ಚಿಕೊಂಡು ಕೂತೆವು.

ಕರೆಂಟ್ ವಿಷಯದಲ್ಲಿ ನಾನು ಒಮ್ಮೆ ಮಾನ ಕಳೆದುಕೊಂಡವಳು. ಹೈಸ್ಕೂಲಿನ ಪಾಠದಲ್ಲಿ ಒಬ್ಬ ಹುಡುಗ ಹೊಳೆಯ ಕರೆಂಟಿಗೆ ಸಿಕ್ಕಿದ ಅಂತ ಇತ್ತು. ನಾನು ಎದ್ದು ನಿಂತು "ಶಾಕ್ ಹೊಡೀತು ಸಾರ್" ಅಂದಿದ್ದೆ. ಇದನ್ನು ಹೇಳಿದರೆ ಮಗಳಿಗಿಂತ ಅತ್ತೆಯೇ ಜಾಸ್ತಿ ನಕ್ಕರು. ಅವರು ತೀರ್ಥಹಳ್ಳಿ ಕಡೆಯವರು, ತುಂಗೆಯಲ್ಲಿ ಬಟ್ಟೆ ಒಗೆದು ಬೆಳೆದವರು. "ಅದು ಸೆಳವು ಕಣೇ ಪುಟ್ಟಿ. ಮೇಲಿಂದ ನೀರು ಸುಮ್ನೆ ಇದ್ದ ಹಾಗೇ ಕಾಣ್ತದೆ, ಕಾಲಿಟ್ಟರೆ ಎಳೀತದೆ" ಅಂದರು.

ಇಂಗ್ಲಿಷಿನ ಈ ಪದ ಲ್ಯಾಟಿನ್ನಿನ 'ಓಡು' ಅನ್ನೋದರಿಂದ ಬಂದದ್ದು. ನೀರು ಓಡಿದರೂ ಕರೆಂಟ್, ಗಾಳಿ ಓಡಿದರೂ ಕರೆಂಟ್, ತಂತಿಯಲ್ಲಿ ಓಡಿದರೂ ಕರೆಂಟ್. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತಲ್ಲ, ಅಲ್ಲಿ ಹೊಳೆಯ ಕರೆಂಟೇ ತಂತಿಯ ಕರೆಂಟ್ ಆಯಿತು. ನಾವು ಮಾತ್ರ ತಂತಿಯದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು.

ಚಾರ್ಜ್ ಹಾಗಲ್ಲ, ಅದನ್ನು ಪೂರ್ತಿ ಮನೆಯೊಳಗೇ ಬಿಟ್ಟುಕೊಂಡಿದ್ದೇವೆ. ಫೋನಿನ ಚಾರ್ಜ್, ಆಟೋ ಚಾರ್ಜ್, ಪೊಲೀಸರ ಚಾರ್ಜ್‌ಶೀಟು, ಹೊಸ ಅಧಿಕಾರಿ ಚಾರ್ಜ್ ತಗೊಂಡರು ಅನ್ನೋದು, ಲಾಠಿ ಚಾರ್ಜ್. ಮಗಳು ಬರೆದುಕೊಳ್ಳುತ್ತಾ ಕೇಳಿದಳು, "ಅಮ್ಮ, ಇವಕ್ಕೆಲ್ಲ ಏನು ಸಂಬಂಧ?" ಇದರ ಮೂಲ ಗಾಡಿಗೆ ಹೊರೆ ಹೇರುವುದು ಅಂತ ಎಲ್ಲೋ ಓದಿದ್ದು ನೆನಪಾಯಿತು. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು, ನಾವೂ ಕನ್ನಡದಲ್ಲಿ ಅದನ್ನೇ ಮಾಡುತ್ತೇವಲ್ಲ! ಜವಾಬ್ದಾರಿ ಹೊರುತ್ತೇವೆ, ಆರೋಪ ಹೊರಿಸುತ್ತೇವೆ, ಖರ್ಚು ಜಾಸ್ತಿಯಾದರೆ ಹೊರೆ ಅನ್ನುತ್ತೇವೆ. ಬಂದೂಕಿಗೆ ತುಂಬುವ ಮದ್ದೂ ಚಾರ್ಜೇ. ಲಾಠಿ ಚಾರ್ಜ್ ಮಾತ್ರ ನನ್ನ ಲೆಕ್ಕಕ್ಕೆ ಕೂರಲಿಲ್ಲ, ಬಿಟ್ಟುಬಿಟ್ಟೆ.

ಇವೆರಡನ್ನೂ ಒಟ್ಟಿಗೆ ಯಾಕೆ ಕೊಟ್ಟರೋ. ಫಿಸಿಕ್ಸಿನಲ್ಲಂತೂ ಎರಡೂ ಅಂಟಿಕೊಂಡೇ ಇರುತ್ತವೆ, ಸೆಕೆಂಡಿಗೆ ಒಂದು ಕೂಲಂಬ್ ಚಾರ್ಜ್ ಹರಿದರೆ ಒಂದು ಆಂಪಿಯರ್ ಕರೆಂಟ್. ಅದನ್ನು ಹೇಳೋಣ ಅಂತ ಬಾಯಿ ತೆರೆದೆ, ಅವಳು ಆಕಳಿಸಿದಳು.

ಕೊನೆಗೆ ಎರಡೂ ಪದ ಇರುವ ಒಂದು ವಾಕ್ಯ ಬೇಕಂತೆ. ಟೀವಿ ಮೇಲಿದ್ದ ಕರೆಂಟ್ ಬಿಲ್ ತಂದು ಮೇಣದಬತ್ತಿಗೆ ಹಿಡಿದಳು. "ಅಜ್ಜಿ, ಇಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಇದೆ. ಹಂಗಂದ್ರೆ?"

"ಕರೆಂಟ್ ಇಲ್ಲದಿದ್ದರೂ ಕೊಡೋದು" ಅಂದರು ಅತ್ತೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡಳು.