ಬೆರಳನ್ನು ಹಣೆಗೆ ಉಜ್ಜಿಕೊಳ್ಳಿ

ನ್ಯೂಜೆರ್ಸಿಯ ಒಂದು ಪರೀಕ್ಷಾ ಕೇಂದ್ರದಲ್ಲಿ ನಾನು ವಾರಕ್ಕೆ ನಾಲ್ಕು ದಿನ ಕೆಲಸ ಮಾಡುತ್ತೇನೆ. ಡಾಕ್ಟರ್ ಲೈಸೆನ್ಸಿನ ಯುಎಸ್‌ಎಂಎಲ್‌ಇ, ಲೆಕ್ಕಪತ್ರದವರ ಸಿಪಿಎ, ಹೀಗೆ ಹತ್ತಾರು ಪರೀಕ್ಷೆಗಳು ಇಲ್ಲಿ ಕಂಪ್ಯೂಟರಿನಲ್ಲೇ ನಡೆಯುತ್ತವೆ. ನನ್ನ ಜಾಗ ಬಾಗಿಲ ಹತ್ತಿರ. ಪಾಸ್‌ಪೋರ್ಟ್ ನೋಡಬೇಕು, ಜೇಬು ಹೊರಗೆಳೆದು ತೋರಿಸಲು ಹೇಳಬೇಕು, ಫೋಟೊ ತೆಗೆಯಬೇಕು, ಆಮೇಲೆ ಬೆರಳಚ್ಚು.

"ಅಲ್ಲಿ ಬೆರಳಿಟ್ಟರೆ ಸಾಕು, ಇಡೀ ಜಾತಕ ಬಂದುಬಿಡ್ತದಂತೆ, ಹೌದಾ ಅಕ್ಕಾ?" ಅಂತ ಊರಿಂದ ತಂಗಿ ಕೇಳಿದ್ದಳು. ಹಾಗೇನಿಲ್ಲ. ನಮ್ಮ ಮೆಷಿನ್ನಿಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ. ಅದನ್ನು ಹೇಳುವುದು ಪಾಸ್‌ಪೋರ್ಟ್. ಬೆರಳಿನ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲಾಗುತ್ತವೆ ಅನ್ನುವ ಲೆಕ್ಕವನ್ನು ಮೆಷಿನ್ ಬೆಳಿಗ್ಗೆ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಯುಎಸ್‌ಎಂಎಲ್‌ಇ ಮೊದಲ ಹಂತ ಎಂಟು ಗಂಟೆಯ ಪರೀಕ್ಷೆ. ನಡುವೆ ಊಟಕ್ಕೆ, ಬಾತ್‌ರೂಮಿಗೆ ಎದ್ದುಹೋದವರು ಮತ್ತೆ ಬೆರಳಿಟ್ಟೇ ಒಳಗೆ ಹೋಗಬೇಕು. ಹೋದವರೇ ತಿರುಗಿ ಬಂದರಾ? ಅದಕ್ಕೆ ಬೇಕಾದದ್ದು ಈ ಒಂದೇ ಉತ್ತರ. ಬೆಳಿಗ್ಗೆ ಬಂದವನೇ ನಕಲಿಯಾಗಿದ್ದರೆ ಅವನ ಬೆರಳು ಸಂಜೆಯವರೆಗೂ ಸರಿಯಾಗೇ ಹೊಂದುತ್ತದೆ. ಅದಕ್ಕೇ ಪಾಸ್‌ಪೋರ್ಟಿನ ಫೋಟೊ ನೋಡುವಾಗ ನಾನು ಅವಸರ ಮಾಡುವುದಿಲ್ಲ.

ನಮ್ಮೂರ ಕಡೆ ಆಧಾರ್ ಇದೆ. ಮೊದಲೇ ಕೊಟ್ಟಿಟ್ಟ ಬೆರಳಿನ ಜೊತೆ ತಾಳೆ ನೋಡಬಹುದು. 2013ರಲ್ಲಿ ಬಯಲಾದ ಮಧ್ಯಪ್ರದೇಶದ ವ್ಯಾಪಂ ಹಗರಣದಂಥದ್ದಕ್ಕೆ, ಅಂದರೆ ಯಾರದೋ ಹೆಸರಲ್ಲಿ ಇನ್ಯಾರೋ ಕೂತು ಬರೆಯುವುದಕ್ಕೆ, ಇದು ಒಳ್ಳೆಯ ಬೀಗ. ಆದರೆ ನಮ್ಮ 2021ರ ಪಿಎಸ್‌ಐ ಪರೀಕ್ಷೆ ನೆನಪಿದೆಯಲ್ವಾ? 545 ಹುದ್ದೆಗಳು. ಅಲ್ಲಿ ಕೇಳಿಬಂದ ಆರೋಪ ಒಎಂಆರ್ ಶೀಟ್, ಅಂದರೆ ಉತ್ತರ ಗುರುತು ಹಾಕುವ ಹಾಳೆ, ತಿದ್ದಿದ್ದು, ಬ್ಲೂಟೂತಿನಲ್ಲಿ ಉತ್ತರ ಹೇಳಿಸಿಕೊಂಡಿದ್ದು. ಅದನ್ನು ಬೆರಳಚ್ಚು ಹೇಗೆ ತಡೆದೀತು? ನಿಯತ್ತಾಗಿ ಓದಿದವರೂ ಮತ್ತೆ ಮೊದಲಿಂದ ಪರೀಕ್ಷೆಗೆ ಕೂರಬೇಕಾಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಹೇಳಬೇಕೆಂದಿದ್ದು ಕೈಗಳ ಬಗ್ಗೆ. ಜನವರಿಯ ಒಂದು ಮಧ್ಯಾಹ್ನ, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಡಾಕ್ಟರ್ ಲೈಸೆನ್ಸಿಗೆ ಓದುತ್ತಿದ್ದ ಹುಡುಗಿಯೊಬ್ಬಳು ಊಟ ಮುಗಿಸಿ ಬಂದಳು. ಬೆರಳಿಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು, ಮತ್ತೆ ಕೆಂಪು. ದಿನಕ್ಕೆ ಎಷ್ಟೋ ಸಲ ಸ್ಯಾನಿಟೈಸರ್ ಹಚ್ಚುವ ಕೈ, ಮೇಲೆ ಇಲ್ಲಿನ ಚಳಿ, ಹೀಟರಿನ ಒಣ ಗಾಳಿ. ತುದಿಬೆರಳು ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣಗೆ ಬಿರಿದಿತ್ತು. ಒಳಗೆ ಅವಳ ಬಿಡುವಿನ ಗಡಿಯಾರ ಓಡುತ್ತಲೇ ಇತ್ತು. "ನಾನೇ ಮೇಡಂ, ಬೆಳಿಗ್ಗೆ ಬಂದವಳು ನಾನೇ" ಅನ್ನುವಾಗ ಅವಳ ಗಂಟಲು ಕಟ್ಟಿತ್ತು.

"ಗೊತ್ತಮ್ಮಾ" ಅಂದೆ. "ಬೆರಳನ್ನು ಹಣೆಗೆ, ಮೂಗಿನ ಪಕ್ಕಕ್ಕೆ ಚೆನ್ನಾಗಿ ಉಜ್ಜಿಕೊಂಡು ಈಗ ಇಡಿ."

ಹಣೆಯ ಜಿಡ್ಡು ಒಣ ಬೆರಳಿಗೆ ತಾಗಿತು. ಹಸಿರು ದೀಪ ಬಂತು.

ಇದನ್ನು ನನಗೆ ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಕರೆ ಹಿಡಿದ ಹೆಬ್ಬೆಟ್ಟಿನಲ್ಲಿ ಗೆರೆ ಸವೆದೇ ಹೋಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ತಂಬ್ ಕೊಡುವ ಮೊದಲು ಅವರು ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ. ಎಷ್ಟೋ ಸಲ ಅಕ್ಕಿ ಸಿಗದೆ ವಾಪಸ್ ಬಂದಿದ್ದೂ ಉಂಟು.

ಕ್ಯಾಪೆಸಿಟಬೈನ್ ಅನ್ನುವ ಕ್ಯಾನ್ಸರ್ ಮಾತ್ರೆ ಕೆಲವರ ಬೆರಳಿನ ಗೆರೆಯನ್ನೇ ಅಳಿಸಿಬಿಡುತ್ತದೆ. ಅದೇ ಕಾರಣಕ್ಕೆ ಸಿಂಗಪುರದ ಹಿರಿಯರೊಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದು 2009ರಲ್ಲಿ ಸುದ್ದಿಯಾಗಿತ್ತು. ಬೆರಳು ಹೊಂದಲಿಲ್ಲ ಅಂದಮಾತ್ರಕ್ಕೆ ಕಳ್ಳರಲ್ಲ. ನಮ್ಮಲ್ಲಿ ಇನ್ನೊಂದು ಬೆರಳು ನೋಡುತ್ತೇವೆ, ಅದೂ ಆಗದಿದ್ದರೆ ಫೋಟೊ, ಪಾಸ್‌ಪೋರ್ಟ್ ನೋಡಿ ಬರೆದಿಟ್ಟು ಒಳಗೆ ಬಿಡುತ್ತೇವೆ. ಊರಿನ ಪರೀಕ್ಷೆಗಳಲ್ಲೂ ಈ ದಾರಿ ಹಾಲ್ ಟಿಕೆಟಿನ ಮೇಲೇ ಅಚ್ಚಾಗಿರಬೇಕು, ಹೋದ ನಿಮಿಷಗಳನ್ನು ಮಕ್ಕಳಿಗೆ ವಾಪಸ್ ಕೊಡಬೇಕು.

ಅವತ್ತು ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ಹುಡುಗಿ ಕೈಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲಿ. ಇನ್ನೊಂದು ಸಲ ಬಂದರೆ ಹೇಳು" ಅಂದರು.